ಬಿಯರ್ ಮನೆಯ ಹುಡುಗ ಜೂಲ್

ಉತ್ತರದ ಕೊನೆಗೆ 'ಜೆ' ಬರೆಯೋದು ಮರೆತು ನಾವೆಲ್ಲ ಮಾರ್ಕ್ಸ್ ಕಳ್ಕೊಂಡಿದ್ದೇವೆ. ಆ 'ಜೆ' ಬಿಯರ್ ಮಾಡುವವರ ಮನೆಯ ಹುಡುಗ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಜೇಮ್ಸ್ ಪ್ರೆಸ್ಕಾಟ್ ಜೂಲ್ ಹುಟ್ಟಿದ್ದು 1818ರಲ್ಲಿ, ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ. ಕಾಲೇಜಿಗೆ ಹೋಗಲಿಲ್ಲ, ಅಪ್ಪನ ಬ್ರೂವರಿಯಲ್ಲಿ ಕೆಲಸ. ಬಿಯರ್ ಅಂದ್ರೆ ಪೂರ್ತಿ ಉಷ್ಣತೆಯ ಆಟ. ಬಾರ್ಲಿ ಮಾಲ್ಟ್ ನೆನೆಸಿದ ನೀರು ಸುಮಾರು 65 ಡಿಗ್ರಿ ಸೆಲ್ಸಿಯಸ್ ಇರಬೇಕು, ತೀರಾ ಜಾಸ್ತಿಯಾದ್ರೆ ಪಿಷ್ಟ ಸಕ್ಕರೆಯಾಗಲ್ಲ. ಆಮೇಲೆ ತಣಿಸದೆ ಯೀಸ್ಟ್ ಹಾಕಿದ್ರೆ ಯೀಸ್ಟ್ ಸಾಯುತ್ತೆ, ಇಡೀ ಪೀಪಾಯಿ ದಂಡ.

ಥರ್ಮಾಮೀಟರ್ ಓದಿ ಪಳಗಿದ ಈ ಮನುಷ್ಯ ಮನೆಯಲ್ಲೇ ಲ್ಯಾಬ್ ಮಾಡಿಕೊಂಡರು. ತೂಕದ ಗುಂಡು ಇಳಿಬಿಟ್ಟು, ಅದರಿಂದ ನೀರಿನೊಳಗೆ ರೆಕ್ಕೆಚಕ್ರ ತಿರುಗಿಸಿ, ಕೆಲಸ ಎಷ್ಟು ಶಾಖವಾಗುತ್ತೆ ಅಂತ ಅಳೆದರು. ನೀರು ಬಿಸಿಯಾಗಿದ್ದು ಒಂದು ಡಿಗ್ರಿಯೂ ಇಲ್ಲ! (ನಮ್ಮ ಲ್ಯಾಬಲ್ಲಿ ಅರ್ಧ ಡಿಗ್ರಿಗೆ ಜಗಳ ಆಗುತ್ತೆ.) ಮೊದಮೊದಲು ವಿದ್ವಾಂಸರು ಕಿವಿಗೇ ಹಾಕಿಕೊಳ್ಳಲಿಲ್ಲ. 1847ರಲ್ಲಿ ಆಕ್ಸ್‌ಫರ್ಡ್ ಸಭೆಯಲ್ಲಿ ವಿಲಿಯಂ ಥಾಮ್ಸನ್, ಅಂದ್ರೆ ಮುಂದಿನ ಕೆಲ್ವಿನ್, ಗಮನ ಕೊಟ್ಟ ಮೇಲೆ ಗಾಳಿ ತಿರುಗಿತು.

ಬ್ರೂವರಿ ಮಾರಾಟವಾಯ್ತು, ದುಡ್ಡೂ ಕರಗಿತು. 1878ರಲ್ಲಿ ಸರ್ಕಾರ ವರ್ಷಕ್ಕೆ 200 ಪೌಂಡ್ ಪಿಂಚಣಿ ಕೊಟ್ಟಿತು. 1889ರಲ್ಲಿ ತೀರಿಕೊಂಡರು. ಸಮಾಧಿ ಕಲ್ಲಿನ ಮೇಲೆ 772.55 ಅಂತ ಕೆತ್ತಿದ್ದಾರೆ: ಒಂದು ಪೌಂಡ್ ನೀರನ್ನ ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡೋಕೆ ಬೇಕಾದ ಕೆಲಸ, ಫುಟ್-ಪೌಂಡ್ ಲೆಕ್ಕದಲ್ಲಿ.