ಕವಿಶಿಷ್ಯ ಪಂಜೆ ಮಂಗೇಶರಾಯರು

ಪಂಜೆ ಮಂಗೇಶರಾಯರು 1874ರಲ್ಲಿ ಬಂಟವಾಳದಲ್ಲಿ ಜನಿಸಿದರು. ಮನೆಮಾತು ಕೊಂಕಣಿ, ಬೀದಿಯ ನುಡಿ ತುಳು. ಕನ್ನಡವಾದರೋ ಶಾಲೆಯಲ್ಲಿ ಕಲಿತು ಒಲಿಸಿಕೊಂಡ ಭಾಷೆ. ನಮ್ಮ ಕಾಸರಗೋಡು ಸೀಮೆಯನ್ನೂ ಒಳಗೊಂಡಿದ್ದ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಎಷ್ಟೋ ಮಕ್ಕಳ ಪಾಡು ಇದೇ ಆಗಿತ್ತು. ಬಡತನದಲ್ಲಿ ಓದಿ ಉಪಾಧ್ಯಾಯರಾಗಿ, ಶಾಲಾ ತನಿಖಾಧಿಕಾರಿಯೂ ಆದ ರಾಯರು ಇದನ್ನು ಕಣ್ಣಾರೆ ಕಂಡವರು.

ಮಕ್ಕಳ ಪುಸ್ತಕವೆಂದರೆ ನೀತಿಬೋಧೆಯೆಂದೇ ಬಗೆಯುತ್ತಿದ್ದ ಕಾಲವದು. ರಾಯರಾದರೋ ಹಿರಿಯರು ಗಟ್ಟಿಯಾಗಿ ಓದಲು, ಕಿರಿಯರು ದನಿಗೂಡಿಸಲು ತಕ್ಕಂತೆ ಬರೆದರು. ಅವರ 'ನಾಗರಹಾವು' ಪದ್ಯವನ್ನೇ ನೋಡಿರಿ. ಹಾವನ್ನು ಕೈಮುಗಿದು ಕರೆಯುವುದು, ಹಾಲೆರೆಯುವೆನೆನ್ನುವುದು, ಬಡವನಿಗೆ ಹೊನ್ನು ಬೇಡುವುದು, ಕೊನೆಗೆ ನಮಸ್ಕರಿಸಿಯೇ ಹೊರಗಟ್ಟುವುದು! ಮರುಕಳಿಸುವ ಸದ್ದಿಗೆ ಮಗು ಕುಣಿಯುತ್ತದೆ. ಭಯ, ಭಕ್ತಿ, ಆಸೆಗಳು ಬೆರೆತ ತಮ್ಮದೇ ಪೂಜೆಯನ್ನು ಅದರಲ್ಲಿ ಕಂಡು ತಂದೆತಾಯಿಗಳು ನಗುತ್ತಾರೆ. ಒಂದೇ ಪದ್ಯ, ಎರಡು ರುಚಿ. ಇಂಗ್ಲಿಷಿನ ಮೂರು ಕರಡಿಗಳ ಕಥೆಯನ್ನೂ ಅವರು ಕನ್ನಡಕ್ಕೆ ತಂದರು. ಅದನ್ನು ಓದಿ ಹೇಳುವ ತಂದೆ ಮೂರು ದನಿಗಳನ್ನು ತೆಗೆಯದಿದ್ದರೆ ಮಕ್ಕಳು ಬಿಡುವರೆ?

ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದವರೂ ಅವರೇ. ತುಳು ಪಾಡ್ದನದ ಕೋಟಿ ಚೆನ್ನಯರನ್ನು ಕನ್ನಡ ಗದ್ಯದಲ್ಲಿ ನಿಲ್ಲಿಸಿದರು. ನೆರೆನುಡಿಯಿಂದ ಕನ್ನಡಕ್ಕೆ ಕುಂದಲ್ಲ, ಸಿರಿ ಬರುವುದೆಂಬುದಕ್ಕೆ ಅದೇ ಸಾಕ್ಷಿ. ಇಷ್ಟಾಗಿಯೂ ತಮ್ಮನ್ನು 'ಕವಿಶಿಷ್ಯ'ನೆಂದೇ ಕರೆದುಕೊಂಡರು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1937ರಲ್ಲಿ, ಹುಟ್ಟೂರಿಗೆ ಬಹುದೂರದ ಹೈದರಾಬಾದಿನಲ್ಲಿ, ನಿಧನ ಹೊಂದಿದರು.