ಸತ್ಯೇಂದ್ರನಾಥ ಬೋಸರು ಆರಿಸಿಕೊಂಡ ಪುಸ್ತಕ

ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಗುರುವಿಲ್ಲದೆ ಓದಿ ತಿಳಿಯಬೇಕೆಂಬ ಹಂಬಲ ನಮಗೆ ಬಹುದಿನಗಳಿಂದ ಇದೆ. ಬಿ.ಕಾಂ. ಓದಿ ಬ್ಯಾಂಕಿನ ಲೆಕ್ಕಗಳಲ್ಲಿ ದಿನ ಕಳೆಯುವ ನಮಗೆ ಯಾವ ಪುಸ್ತಕದಿಂದ ತೊಡಗಬೇಕೆಂಬುದೇ ತೊಡಕು. ಸುಲಭವಾದುದರಲ್ಲಿ ಗಣಿತವಿಲ್ಲ; ಗಣಿತವಿದ್ದುದು ಮೂರನೆಯ ಪುಟದಲ್ಲೇ ನಮ್ಮನ್ನು ಹಿಂದಕ್ಕೆ ಕಳಿಸುತ್ತದೆ. ಹೀಗಿರುವಾಗ ನಮಗೆ ಧೈರ್ಯ ತಂದುದು ಸತ್ಯೇಂದ್ರನಾಥ ಬೋಸರ ಜೀವನ.

ಬೋಸರು 1894ನೆಯ ಇಸವಿ ಜನವರಿ 1ರಂದು ಕಲಕತ್ತೆಯಲ್ಲಿ ಜನಿಸಿದರು. ತಂದೆ ರೈಲ್ವೆ ನೌಕರರು. 1915ರ ಎಂ.ಎಸ್ಸಿ. ಪರೀಕ್ಷೆಯಲ್ಲಿ ಬೋಸರು ಪ್ರಥಮರು, ಸಹಪಾಠಿ ಮೇಘನಾದ ಸಹಾ ದ್ವಿತೀಯರು. ಸರ್ ಆಶುತೋಷ ಮುಖರ್ಜಿಯವರು ಈ ತರುಣರಿಬ್ಬರನ್ನೂ ಹೊಸ ವಿಜ್ಞಾನ ಕಾಲೇಜಿಗೆ ಉಪನ್ಯಾಸಕರನ್ನಾಗಿ ಕರೆದುಕೊಂಡರು. ಹೊಸ ಭೌತವಿಜ್ಞಾನವನ್ನು ಕಲಿಸುವ ಹೊಣೆ ಬಂದಿತು. ಆದರೆ ಅದನ್ನು ಅವರಿಗೆ ಕಲಿಸುವವರು ಇರಲಿಲ್ಲ. ಯುದ್ಧದ ದೆಸೆಯಿಂದ ಜರ್ಮನಿಯ ಗ್ರಂಥಗಳೂ ದುರ್ಲಭವಾಗಿದ್ದುವು. ಶಿಬಪುರದ ಎಂಜಿನಿಯರಿಂಗ್ ಕಾಲೇಜಿನ ಬ್ರೂಲ್ ಎಂಬ ಪ್ರಾಧ್ಯಾಪಕರಲ್ಲಿ ಅಂಥ ಗ್ರಂಥಗಳಿದ್ದುವು. ಅವನ್ನು ಎರವಲು ತಂದು ಓದಿದರು. ಭಾಷೆ ಅಡ್ಡ ಬಂದಾಗ ಆ ಭಾಷೆಯನ್ನೇ ಕಲಿತರು.

ಸಾಪೇಕ್ಷತೆಗೆ ಬೋಸರು ಹಿಡಿದ ಪುಸ್ತಕ ಐನ್‌ಸ್ಟೈನರ ಮೂಲ ಪ್ರಬಂಧವೇ. 1916ರ ಆ ಪ್ರಬಂಧದಲ್ಲಿ ಒಂದು ಅನುಕೂಲವುಂಟು: ಸಿದ್ಧಾಂತಕ್ಕೆ ಬೇಕಾದ ಗಣಿತವನ್ನು ಅದರೊಳಗೇ ಒಂದು ಭಾಗವಾಗಿ ಹೇಳಿಕೊಟ್ಟಿದೆ. 1919ರ ಸೂರ್ಯಗ್ರಹಣದಲ್ಲಿ, ಸೂರ್ಯನ ಸಮೀಪದಲ್ಲಿ ಹಾಯುವ ನಕ್ಷತ್ರದ ಬೆಳಕು ಬಾಗುವುದನ್ನು ಅಳೆದ ಮೇಲೆ ಜಗತ್ತೆಲ್ಲ ಈ ವಿಷಯವನ್ನೇ ಮಾತನಾಡಿತು. ಮರುವರ್ಷವೇ ಬೋಸರೂ ಸಹಾ ಅವರೂ ಮಾಡಿದ ಇಂಗ್ಲಿಷ್ ಅನುವಾದವನ್ನು ಕಲಕತ್ತಾ ವಿಶ್ವವಿದ್ಯಾನಿಲಯವು ಗ್ರಂಥವಾಗಿ ಪ್ರಕಟಿಸಿತು. ಪೀಠಿಕೆ ಬರೆದವರು ಮಹಲನೋಬಿಸ್. ತಮಗೆ ದೊರೆಯದಿದ್ದ ಪಠ್ಯವನ್ನು ಅವರು ಮುಂದಿನವರಿಗೆ ಒದಗಿಸಿಕೊಟ್ಟರು.

1921ರಲ್ಲಿ ಬೋಸರು ಢಾಕಾ ವಿಶ್ವವಿದ್ಯಾನಿಲಯವನ್ನು ಸೇರಿದರು. ಪ್ಲಾಂಕರ ನಿಯಮವನ್ನು ಪುಸ್ತಕಗಳಲ್ಲಿ ಸಾಧಿಸಿದ್ದ ಬಗೆ ಅವರಿಗೆ ಒಪ್ಪಿಗೆಯಾಗಲಿಲ್ಲ. 1924ರಲ್ಲಿ ತಮ್ಮದೇ ಸಾಧನೆಯನ್ನು ಬರೆದು ಐನ್‌ಸ್ಟೈನರಿಗೆ ಕಳಿಸಿದರು. ಐನ್‌ಸ್ಟೈನರು ಅದನ್ನು ತಾವೇ ಜರ್ಮನ್ ಭಾಷೆಗೆ ತಿರುಗಿಸಿ ಅಚ್ಚು ಹಾಕಿಸಿದರು. ಅನುವಾದಕನ ಋಣವು ಹೀಗೆ ತೀರಿತೆನ್ನಬಹುದು. ಬೋಸಾನ್ ಎಂಬ ಕಣವರ್ಗವು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಕೀರ್ತಿ ಬಂದ ಮೇಲೂ ಅವರು ತಾಯ್ನುಡಿಯನ್ನು ಮರೆಯಲಿಲ್ಲ. 1948ರಲ್ಲಿ ವಂಗೀಯ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿ, ಬಂಗಾಳಿಯಲ್ಲಿ ವಿಜ್ಞಾನ ಪತ್ರಿಕೆಯನ್ನು ಹೊರಡಿಸಿದರು. 1974ನೆಯ ಫೆಬ್ರವರಿ 4ರಂದು ಕಾಲವಾದರು.

ಕನ್ನಡಿಗರು ಈ ದಾರಿಗೆ ಹೊಸಬರಲ್ಲ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದ್ದರು. ಊರು ಬಿಟ್ಟು ಬಂದ ನಮ್ಮ ಮಕ್ಕಳು ಶಾಲೆಯಲ್ಲಿ ಬೇರೆ ಭಾಷೆಯಲ್ಲಿ ಓದುತ್ತಾರೆ. ಓದಿದುದನ್ನು ಸಂಜೆ ಮನೆಯಲ್ಲಿ ಕನ್ನಡದಲ್ಲಿ ಹೇಳಿಸಿದರೆ, ಅವರಿಗೆ ತಿಳಿದುದೆಷ್ಟೆಂಬುದು ಗೊತ್ತಾದೀತು. ಕೇಳುವ ನಮಗೂ ಅಷ್ಟಿಷ್ಟು ತಿಳಿದೀತು.

ನಾವೂ ಪುಸ್ತಕವೊಂದನ್ನು ಆರಿಸಿದ್ದೇವೆ. ಗಣಿತವನ್ನು ಮೊದಲಿನಿಂದ ಹೇಳಿಕೊಡುವಂಥದು. ಜೊತೆಗೆ ಓದಲು ಸ್ನೇಹಿತರೊಬ್ಬರು ಒಪ್ಪಿದ್ದಾರೆ. ಸದ್ಯಕ್ಕೆ ಮೂರನೆಯ ಪುಟವನ್ನು ದಾಟಿದ್ದೇವೆ.