ಬರೆ ಬಿದ್ದ ಕೆನ್ನೆ, ಮಂಗಳವಾರ್ತೆ ಕೆತ್ತಿದ ಕೈ



ಶುಭ ಶುಕ್ರವಾರ ಮರದ ಶಿಲುಬೆಗೆ ಮುತ್ತಿಡುವ ನಾವು, ಅದನ್ನು ಕೆತ್ತಿದ ಕೈ ಯಾರದೆಂದು ಕೇಳುವುದಿಲ್ಲ. ಈ ಸಲ ಯುವಜನ ಬಳಗದ ನಾವು ಅಂಥ ಒಬ್ಬ ಕೆತ್ತನೆಗಾರರ ಬದುಕನ್ನು ನಿಮ್ಮ ಮುಂದಿಡುತ್ತಿದ್ದೇವೆ. ಅವರ ಹೆಸರು ಫೈಟ್ ಸ್ಟೋಸ್.

ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿದ್ದ ಅವರು 1477ರಲ್ಲಿ ಪೋಲೆಂಡಿನ ಕ್ರಾಕೋವ್‌ಗೆ ಹೋದರು. ಅಲ್ಲಿನ ಮಾತೆ ಮರಿಯಮ್ಮನವರ ದೇವಾಲಯದ ಬಲಿಪೀಠಕ್ಕೆ ಸುಮಾರು 13 ಮೀಟರ್ ಎತ್ತರದ ಮರದ ಕೆತ್ತನೆ ಮಾಡಿದರು. ಮುಗಿಯಲು 12 ವರ್ಷ ಹಿಡಿಯಿತು. ನಡುವೆ ದೇವಮಾತೆಯ ಮರಣದ ದೃಶ್ಯವಿದೆ. ತಾಯಿ ಕುಸಿಯುತ್ತಿದ್ದಾರೆ, ಪ್ರೇಷಿತರು ಸುತ್ತ ನಿಂತಿದ್ದಾರೆ. ದುಡಿದ ಆ ಕೈಗಳ ಮೇಲೆ ನರಗಳು ಉಬ್ಬಿವೆ, ಮುಖಗಳಲ್ಲಿ ದುಃಖ ಒಬ್ಬೊಬ್ಬರದು ಒಂದೊಂದು ಬಗೆ.

ಬಳಸಿದ್ದು ಲಿಂಡನ್ ಮರ. ಅದು ಮೃದು, ಸಣ್ಣ ಗೆರೆಯನ್ನೂ ಉಳಿಯಿಂದ ಬಿಡಿಸಬಹುದು. ಆದರೆ ಒಣಗುವಾಗ ದಿಮ್ಮಿ ಎಲ್ಲ ಕಡೆ ಸಮವಾಗಿ ಕುಗ್ಗದೆ ಬಿರುಕು ಬಿಡುತ್ತದೆ. ಅದಕ್ಕೇ ಆ ಕಾಲದ ಕೆತ್ತನೆಗಾರರು ಮೂರ್ತಿಯ ಬೆನ್ನಿನ ಕಡೆಯಿಂದ ತಿರುಳು ತೆಗೆದು ಟೊಳ್ಳು ಮಾಡುತ್ತಿದ್ದರು.

1496ರಲ್ಲಿ ಅವರು ನ್ಯೂರೆಂಬರ್ಗ್‌ಗೆ ಮರಳಿದರು. ಅಲ್ಲಿ ನಂಬಿ ಕೊಟ್ಟ ಹಣ ಮುಳುಗಿತು. ಅದನ್ನು ವಾಪಸು ಪಡೆಯಲು ಒಬ್ಬ ವರ್ತಕನ ಸಹಿ, ಮುದ್ರೆಗಳನ್ನು ನಕಲು ಮಾಡಿ ಸಿಕ್ಕಿಬಿದ್ದರು. 1503ರಲ್ಲಿ ಎರಡೂ ಕೆನ್ನೆಗಳಿಗೆ ಕಾದ ಕಬ್ಬಿಣದಿಂದ ಬರೆ ಹಾಕಿದರು. ಅನುಮತಿಯಿಲ್ಲದೆ ಊರು ಬಿಡಬಾರದೆಂಬ ಆಜ್ಞೆಯೂ ಆಯಿತು. ಮುಂದೆ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಕ್ಷಮೆ ಕೊಟ್ಟರೂ ಕೆನ್ನೆಯ ಗುರುತು ಹೋಗುವಂಥದ್ದಲ್ಲ.

ಆದರೂ ಉಳಿ ಕೆಳಗಿಡಲಿಲ್ಲ. ಅದೇ ಊರಿನ ಮುಖಂಡ ಆಂಟನ್ ತೂಖರ್ ಸಂತ ಲಾರೆನ್ಸರ ದೇವಾಲಯಕ್ಕೆ ಮಂಗಳವಾರ್ತೆಯ ಕೆತ್ತನೆ ಮಾಡಲು ಅವರನ್ನೇ ಕರೆದರು. 1518ರಲ್ಲಿ ಅದು ಮುಗಿದಾಗ ಸ್ಟೋಸ್‌ಗೆ ಸುಮಾರು 70 ವರ್ಷ. ಗುಲಾಬಿ ಹೂಗಳ ದೊಡ್ಡ ವೃತ್ತದೊಳಗೆ ಗಬ್ರಿಯೇಲ್ ದೂತರೂ ಮರಿಯಮ್ಮನವರೂ ಇಂದಿಗೂ ಅಲ್ಲಿ ತೂಗುತ್ತಿದ್ದಾರೆ. ಬಳಿಕ ಕಾರ್ಮೆಲ್ ಸಭೆಯ ಗುರುವಾಗಿದ್ದ ಮಗ ಆಂದ್ರೆಯಾಸ್ ಕೇಳಿದಂತೆ ಇನ್ನೊಂದು ಬಲಿಪೀಠ ಕೆತ್ತಿದರು. ಅದು ಈಗ ಬಾಂಬೆರ್ಗ್ ಪ್ರಧಾನಾಲಯದಲ್ಲಿದೆ. 1533ರಲ್ಲಿ ತೀರಿಕೊಂಡರು.

ನಕಲಿ ಸಹಿ ಹಾಕಿದ್ದು ತಪ್ಪೇ. ಆದರೆ ದೂತರ ಶುಭಸಂದೇಶವನ್ನು ಕೆತ್ತಿದ್ದೂ ಅದೇ ಕೈ. ಒಮ್ಮೆ ಎಡವಿ, ನಾಚಿಕೆಯಿಂದ ಕನ್ನಡ ಪೂಜೆಗೂ ತಮಿಳು ಪೂಜೆಗೂ ಬಾರದೆ ಉಳಿದ ಗೆಳೆಯರು ನಮ್ಮಲ್ಲೂ ಇದ್ದಾರೆ. ಅವರು ಬರಲೆಂದು ಕಾಯುತ್ತಾ ಕೂತಿದ್ದೆವು. ಈ ತಪಸ್ಸುಕಾಲದಲ್ಲಿ ಅವರ ಮನೆಗೆ ನಾವೇ ಹೋಗುತ್ತೇವೆ.